ಕಾಸು ಕೊಟ್ಟು ಕುಂಬಳ ಕೊಂಡೆ: ನಮ್ಮ ರೈಲು ದಾರಿಯ ಒಗಟುಗಳು

ಉಪ್ಪಳದಲ್ಲಿ ನಮ್ಮ ಉಪ್ಪನಿಗೆ ಒಂದು ಜಿನಸಿನ ಅಂಗಡಿ ಇತ್ತು. ವಾರಕ್ಕೆ ಎರಡು ಸಲ ಮಂಗಳೂರಿನ ಬಂದರಿಗೆ ಹೋಗಿ ಸಾಮಾನು ತರುತ್ತಿದ್ದರು. ಶಾಲೆಗೆ ರಜೆ ಇದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಮೆಣಸಿನ ಚೀಲದ ಮೇಲೆ ನಾನು, ಬೆಲ್ಲದ ಡಬ್ಬದ ಮೇಲೆ ಅವರು. ಸುತ್ತ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಮಾತು. ರೈಲು ನೇತ್ರಾವತಿ ಸೇತುವೆ ದಾಟುವ ಹೊತ್ತಿಗೆ ಯಾರಾದರೂ ಒಬ್ಬರು ಒಗಟು ಶುರು ಮಾಡುತ್ತಿದ್ದರು.

ನನಗೆ ಮೊದಲು ಬಾಯಿಪಾಠ ಆದದ್ದು ಇದು:

"ಕಾಸು ಕೊಟ್ಟು ಕುಂಬಳ ಕೊಂಡೆ, ಕುಂಬಳಕ್ಕೆ ಉಪ್ಪು ಹಾಕಿದೆ, ಈಶ್ವರನಿಗೆ ಬಡಿಸಿದೆ, ಉಳ್ಳವ ಬಂದು ಉಂಡ, ಕೊನೆಗೆ ಮಂಗಳ ಹಾಡಿದ. ಈ ಊಟ ಯಾವ ಮನೆಯಲ್ಲಿ?"

ಉತ್ತರ: ರೈಲಿನಲ್ಲಿ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, ಮಂಗಳೂರು. ಸ್ಟೇಷನ್‌ಗಳು ಇರುವ ಕ್ರಮದಲ್ಲೇ ಊಟವೂ ನಡೆಯುತ್ತದೆ. ಒಂದನ್ನು ಹಿಂದೆ ಮುಂದೆ ಮಾಡಿದರೆ ಅಡುಗೆ ಕೆಡುತ್ತದೆ, ದಾರಿಯೂ ತಪ್ಪುತ್ತದೆ.

ಇಂಥ ಒಗಟುಗಳನ್ನು ನಾನು ತುಂಬ ವರ್ಷ ಬರೀ ತಮಾಷೆ ಎಂದುಕೊಂಡಿದ್ದೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಚರಿತ್ರೆ ನನ್ನ ವಿಷಯ ಅಲ್ಲ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಇವುಗಳನ್ನು ಬರೆದಿಡಬೇಕು ಅನ್ನಿಸಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಹಳಿಯ ಕಥೆ.

ಹಳಿ ಬಂದದ್ದು

ಮಲಬಾರಿನಲ್ಲಿ ಮೊದಲ ರೈಲು ಓಡಿದ್ದು 1861ರಲ್ಲಿ, ತಿರೂರಿನಿಂದ ಬೇಪೂರಿನ ಹತ್ತಿರದ ಚಾಲಿಯಂಗೆ. ಕೋಝಿಕ್ಕೋಡಿಗೆ ಹಳಿ ಬಂದದ್ದು 1888ರಲ್ಲಿ. ಅಲ್ಲಿಂದ ತುಂಡು ತುಂಡಾಗಿ ಉತ್ತರಕ್ಕೆ ಬಂದು ಮಂಗಳೂರು ತಲುಪಿದ್ದು 1907ರಲ್ಲಿ. ಹಾಕಿದ್ದು ಮದ್ರಾಸ್ ರೈಲ್ವೆ ಕಂಪೆನಿ. ಮರುವರ್ಷವೇ, 1908ರಲ್ಲಿ, ಈ ದಾರಿ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. 1951ರಲ್ಲಿ ಸದರ್ನ್ ರೈಲ್ವೆ ಆಯಿತು.

ಆಗ ಕಾಸರಗೋಡು ತಾಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವುದೆಂದರೆ ತಾಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಅಷ್ಟೆ. ಕೋರ್ಟು, ಕಾಲೇಜು, ಆಸ್ಪತ್ರೆ, ಬಂದರು ಎಲ್ಲ ಅಲ್ಲಿಯೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು. ಅದು ಕಾಗದದಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು.

ರೈಲಿಗೆ ಮಾತ್ರ ಇದ್ಯಾವುದೂ ಗೊತ್ತಾಗಲಿಲ್ಲ. ಇಂದಿಗೂ ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ನಮ್ಮ ಊಟದ ಒಗಟಿನಲ್ಲಿ ರಾಜ್ಯದ ಗಡಿ ಬರುವುದು ಮಂಜೇಶ್ವರಕ್ಕೂ ಉಳ್ಳಾಲಕ್ಕೂ ನಡುವೆ, ಅಂದರೆ ಈಶ್ವರನಿಗೂ ಉಳ್ಳವನಿಗೂ ನಡುವೆ. ಬೋಗಿಯಲ್ಲಿ ಯಾರೋ ಒಬ್ಬ ಮೇಷ್ಟ್ರು ಇದನ್ನು ಹೇಳಿ, "ದೇವರು ಕೇರಳದಲ್ಲಿ, ದುಡ್ಡಿದ್ದವ ಕರ್ನಾಟಕದಲ್ಲಿ, ಬಡಿಸುವ ನಾವು ಎರಡೂ ಕಡೆ" ಅಂದದ್ದು ನನಗೆ ನೆನಪಿದೆ. ಎಲ್ಲರೂ ನಕ್ಕಿದ್ದರು. ಉಪ್ಪ ನಗಲಿಲ್ಲ. ಬಂದರಿನಿಂದ ಸಾಮಾನು ತರುವವನಿಗೆ ಗಡಿ ತಮಾಷೆ ಅಲ್ಲ.

ಕತ್ತರಿಸುವುದು, ಉಜ್ಜುವುದು, ಜೋಡಿಸುವುದು

ಡಿಪ್ಲೊಮಾದ ಮೊದಲ ವರ್ಷದಲ್ಲಿ ನಮಗೆ ಫಿಟ್ಟಿಂಗ್ ಕಲಿಸುತ್ತಾರೆ. ಕಬ್ಬಿಣದ ತುಂಡನ್ನು ಕತ್ತರಿಸು, ಅರದಿಂದ ಉಜ್ಜು, ಇನ್ನೊಂದು ತುಂಡಿಗೆ ಜೋಡಿಸು. ರೈಲಿನ ಒಗಟುಗಳನ್ನು ಪಟ್ಟಿ ಮಾಡಿದಾಗ ಅಲ್ಲಿಯೂ ಇದೇ ಕೆಲಸ ಕಂಡಿತು.

ಮೊದಲನೆಯದು ಬಾಲ ಕತ್ತರಿಸುವುದು. "ಬಾಲ ಇದ್ದರೆ ಇಳಿಯುವ ಊರು, ಬಾಲ ಕತ್ತರಿಸಿದರೆ ಪಲ್ಯದ ತರಕಾರಿ." ಕುಂಬಳೆಯ ಕೊನೆಯ ಎತ್ವ ತೆಗೆದರೆ ಕುಂಬಳ.

ಎರಡನೆಯದು ತಲೆ ಬದಲಿಸುವುದು. "ತಲೆ ಬದಲಿಸಿದರೆ ಎಣ್ಣೆಗೆ ಬೀಳುವ ಊರು." ಉಪ್ಪಳದ ಉ ಹೋಗಿ ಹ ಬಂದರೆ ಹಪ್ಪಳ. ನಮ್ಮ ಅಂಗಡಿಯಲ್ಲಿ ಉಪ್ಪೂ ಇತ್ತು, ಹಪ್ಪಳವೂ ಇತ್ತು. ಆದ್ದರಿಂದ ಮಂಗಳೂರಿನಿಂದ ಬರುವ ಸೇಲ್ಸಿನವರು ಉಪ್ಪನನ್ನು ಕಂಡಾಗಲೆಲ್ಲ ಇದನ್ನೇ ಕೇಳುತ್ತಿದ್ದರು.

ಮೂರನೆಯದು ಒಡೆಯುವುದು. "ಕಾಸು ಕೊಟ್ಟು ಅರ ತಂದೆ, ಎಮ್ಮೆಯ ತಲೆ ಮೇಲಿನದನ್ನು ಉಜ್ಜಿದೆ." ಕಾಸು, ಅರ, ಕೋಡು: ಕಾಸರಗೋಡು. ಇದು ನನಗೆ ತುಂಬ ಇಷ್ಟ, ಯಾಕೆಂದರೆ ಅರ ನನ್ನ ಕಸುಬಿನ ಹತ್ಯಾರು. ಇದರೊಳಗೆ ಒಂದು ವ್ಯಾಕರಣ ಪಾಠವೂ ಇದೆ. ಕಾಸು ಮತ್ತು ಅರ ಸೇರುವಾಗ ಒಂದು ಉಕಾರ ಬಿದ್ದುಹೋಗುತ್ತದೆ, ಅದು ಲೋಪಸಂಧಿ. ಕೋಡಿನ ಕ ಗ ಆಗುತ್ತದೆ, ಅದು ಮಳೆಗಾಲದಲ್ಲಿ ಆಗುವ ಹಾಗೆ ಆದೇಶಸಂಧಿ. ಹೈಸ್ಕೂಲಿನಲ್ಲಿ ತಲೆಗೆ ಹೋಗದ ಸಂಧಿ ನನಗೆ ಹೋದದ್ದು ಈ ಎಮ್ಮೆಯ ಕೋಡಿನಿಂದ.

ನಿಜವಾದ ಹೆಸರಿಗೆ ಪಂಡಿತರು ಬೇರೆ ಅರ್ಥ ಕೊಡುತ್ತಾರೆ. ಕಾಸರಕ ಎಂಬ ಕಹಿ ಬೀಜದ ಮರದಿಂದ ಊರಿಗೆ ಹೆಸರು ಬಂತು ಎನ್ನುವವರಿದ್ದಾರೆ. ಕಾಸಾರ ಅಂದರೆ ಕೆರೆ, ಅದರಿಂದ ಬಂತು ಎನ್ನುವವರೂ ಇದ್ದಾರೆ. ಒಗಟು ಕಟ್ಟುವವನಿಗೆ ಅದು ಬೇಡ. ಅವನಿಗೆ ಬೇಕಾದದ್ದು ಕಿವಿಗೆ ಬೀಳುವ ಸದ್ದು ಮಾತ್ರ.

ನಾಲ್ಕನೆಯದು ಗಾದೆಗೆ ಜೋಡಿಸುವುದು. "ಯಾವ ಸ್ಟೇಷನ್ ಬಂದಾಗ ಟಿಕೆಟ್ ಇಲ್ಲದವ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ?" ಕುಂಬಳಕಾಯಿ ಕಳ್ಳನ ಗಾದೆ ಗೊತ್ತಿದ್ದವರಿಗೆ ಉತ್ತರ ಹೇಳಬೇಕಾಗಿಲ್ಲ. ಕಾಸರಗೋಡಿನಿಂದ ತೆಂಕಿಗೆ ಹೋಗುವ ದಾರಿಯಲ್ಲಿ ಇದೇ ಜಾತಿಯ ಇನ್ನೊಂದು ಇದೆ. ಕಾಸರಗೋಡು ಆದಮೇಲೆ ಕಳನಾಡು ಎಂಬ ಸಣ್ಣ ಸ್ಟೇಷನ್, ಅದಾದ ಮೇಲೆ ಕೋಟಿಕುಳಂ. "ಕಾಸು ಕೋಟಿ ಆಗಬೇಕಾದರೆ ನಡುವೆ ಯಾರನ್ನು ದಾಟಬೇಕು?" ಒತ್ತಕ್ಷರ ಬಿಟ್ಟು ನಿಂತ ಕಳ್ಳನನ್ನು! ಉಪ್ಪ ಇದನ್ನು ಹೇಳುವಾಗ, "ನಾನು ಆ ಕಡೆಯ ರೈಲು ಹತ್ತಲೇ ಇಲ್ಲ ಮಗ, ಅದಕ್ಕೇ ಹೀಗೇ ಉಳಿದೆ" ಅನ್ನುತ್ತಿದ್ದರು.

ಐದನೆಯದು ಎರಡು ಭಾಷೆ ಬೇಕಾಗುವುದು. ನಮ್ಮ ದಾರಿಯ ವಿಶೇಷ ಇದೇ. ಮಂಜೇಶ್ವರ ಕನ್ನಡದವನ ಕಿವಿಗೆ ಮಂಜಿನ ಈಶ್ವರ. ಸಮುದ್ರದ ಮೇಲೆ ಬದುಕಿದವನ ಕಿವಿಗೆ ಮಂಜಿ, ಅಂದರೆ ಸರಕು ಹೊರುವ ಹಾಯಿ ದೋಣಿ. ಮಲಯಾಳ, ತುಳು ಮನೆಗಳಲ್ಲಿ ಅರಶಿನಕ್ಕೆ ಹೇಳುವ ಮಾತೂ ಇದರ ಹತ್ತಿರವೇ ಇದೆ. "ಚಳಿಯಲ್ಲಿ ಒಬ್ಬ, ದೋಣಿಯಲ್ಲಿ ಒಬ್ಬ, ಅರೆಯುವ ಕಲ್ಲಿನಲ್ಲಿ ಒಬ್ಬ, ಮೂವರೂ ಇಳಿದದ್ದು ಒಂದೇ ಕಡೆ" ಎಂಬ ಒಗಟು ಬಿಡಿಸಲು ಬೋಗಿಯಲ್ಲಿ ಮೂರು ಮನೆಯವರು ಇರಬೇಕು. ಒಬ್ಬನೇ ಕೂತು ಬಿಡಿಸುವ ಒಗಟಲ್ಲ ಅದು.

ನಮ್ಮ ಬ್ಯಾರಿ ಮಾತಿನಲ್ಲಿ ಳ ಮತ್ತು ಲ ಒಂದೇ. ಮಲಯಾಳದಲ್ಲಿ ಕಲ್ಲು ಬೇರೆ, ಕಳ್ಳು ಬೇರೆ. ನಮ್ಮ ಬಾಯಲ್ಲಿ ಎರಡೂ ಒಂದೇ ಸದ್ದು. ಹಾಗಾಗಿ ಉಪ್ಪಳ ನಮ್ಮ ಮನೆಯಲ್ಲಿ ‘ಉಪ್ಪಲ’. ಬ್ಯಾರಿ ಮಕ್ಕಳಿಗೆ ಮಾತ್ರ ಅರ್ಥವಾಗುವ ಒಗಟು ಇದರಿಂದ ಹುಟ್ಟಿತು: "ಉಪ್ಪನನ್ನು ಕರೆದು, ಉಪ್ಪ ಅಲ್ಲ ಅನ್ನುವ ಊರು ಯಾವುದು?" ಸಣ್ಣವನಿದ್ದಾಗ ನನಗೆ ಇದು ಸ್ವಲ್ಪ ಹೆದರಿಕೆ ಹುಟ್ಟಿಸುತ್ತಿತ್ತು. ರಾತ್ರಿ ರೈಲಿಳಿದು ಗೇಟು ದಾಟುವಾಗ ಮುಂದೆ ಚೀಲ ಹೊತ್ತು ಹೋಗುವವರು ನಮ್ಮ ಉಪ್ಪನೇ ಹೌದೋ ಎಂದು ಅಂಗಿ ಎಳೆದು ನೋಡುತ್ತಿದ್ದೆ.

ಒಗಟಿಗೂ ವಯಸ್ಸಿದೆ

ಇವೆಲ್ಲ ಅಜ್ಜಂದಿರ ಕಾಲದ್ದು ಎಂದು ಉಪ್ಪ ಹೇಳುತ್ತಿದ್ದರು. ನಾನೂ ನಂಬಿದ್ದೆ. ಕೂತು ನೋಡಿದಾಗ ಕೆಲವು ಹಾಗಲ್ಲ ಎಂದು ಗೊತ್ತಾಯಿತು.

"ಒಬ್ಬನೇ ಹತ್ತು ಜನರನ್ನು ಇಳಿಸಿದ ಸ್ಟೇಷನ್ ಯಾವುದು?" ಉತ್ತರ ಕುಂಬಳೆ. ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತೂ ವಿಕೆಟ್ ತೆಗೆದದ್ದು 1999ರ ಫೆಬ್ರವರಿ 7ರಂದು, 74 ರನ್ ಕೊಟ್ಟು. ಅವರ ಮನೆತನದ ಮೂಲ ನಮ್ಮ ಕುಂಬಳೆ. ಅಂದರೆ ಈ ಒಗಟು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಉಪ್ಪ ಇದನ್ನೂ "ಅಜ್ಜ ಹೇಳುತ್ತಿದ್ದದ್ದು" ಅಂದಿದ್ದರು!

"ಯಾವ ಸ್ಟೇಷನ್ನಿಗೆ ಬಟ್ಟೆ ಇಲ್ಲದೆ ಹೋಗಬಾರದು?" ಉಡುಪಿ. ಮಂಗಳೂರಿನಿಂದ ಉಡುಪಿಗೆ ಕೊಂಕಣ ರೈಲು ಶುರುವಾದದ್ದು 1993ರಲ್ಲಿ. ಪೂರ್ತಿ ಕೊಂಕಣ ದಾರಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ಉಡುಪಿಗೆ ಸ್ಟೇಷನ್ನೇ ಇರಲಿಲ್ಲ, ಒಗಟು ಎಲ್ಲಿಂದ ಬರಬೇಕು?

ಇನ್ನು ಕೆಲವು ಸತ್ತುಹೋಗಿವೆ. "ಜ್ವರ ಅಳೆಯುವ ಜಾಗವೂ ಡಾಕ್ಟರು ಹಿಡಿಯುವುದೂ ಒಂದೇ ಹೆಸರಲ್ಲಿ" ಅಂದರೆ ಕಂಕುಳು ಮತ್ತು ನಾಡಿ, ಕಂಕನಾಡಿ. ಆಸ್ಪತ್ರೆಯ ಊರಾದ್ದರಿಂದ ಎರಡು ಪಟ್ಟು ಸೊಗಸು. ಆದರೆ ಆ ಸ್ಟೇಷನ್ ಈಗ ಮಂಗಳೂರು ಜಂಕ್ಷನ್. ನಾನು ಕಾಲೇಜಿಗೆ ಹೋಗುವಾಗ ಕಲಿತ ಒಗಟನ್ನು ಇವತ್ತಿನ ಕಾಲೇಜು ಮಕ್ಕಳಿಗೆ ಹೇಳಿದರೆ ಮುಖ ಮುಖ ನೋಡುತ್ತಾರೆ.

ಹುಟ್ಟುವಾಗಲೇ ದಾರಿ ತಪ್ಪಿದ್ದೂ ಒಂದಿದೆ. "ಹೆಸರು ಹೊಸದು, ಕೋಟೆ ಹಳೆಯದು, ಸ್ಟೇಷನ್ ಬೇರೆ ಜಿಲ್ಲೆಯದು." ಇದು ಹೊಸದುರ್ಗ. ಕೆಳದಿಯ ಸೋಮಶೇಖರ ನಾಯಕ ಕಟ್ಟಿಸಿದ ನಮ್ಮ ಹೊಸದುರ್ಗದ ಕೋಟೆಗೆ ಹೋಗಲು ಇಳಿಯಬೇಕಾದದ್ದು ಕಾಞಂಗಾಡಿನಲ್ಲಿ. ಹೊಸದುರ್ಗ ರೋಡ್ ಎಂಬ ಸ್ಟೇಷನ್ ಇರುವುದು ದೂರದ ಚಿತ್ರದುರ್ಗ ಜಿಲ್ಲೆಯಲ್ಲಿ.

ಈಗಿನವರ ಒಗಟು ಫೋನಿನಲ್ಲಿ ಟಿಕೆಟ್ ತೆಗೆಯುವಾಗ ಹುಟ್ಟುತ್ತದೆ. "ದುಡ್ಡು ಕೊಡು ಅನ್ನುವ ಸ್ಟೇಷನ್?" ಪಯ್ಯನ್ನೂರು, ಅದರ ಸಂಕೇತ ಪಿ ಎ ವೈ. "ಆಗುತ್ತದೆ ಅನ್ನುವ ಸ್ಟೇಷನ್?" ಕಣ್ಣೂರು, ಸಿ ಎ ಎನ್. ಇದರಲ್ಲಿಯೂ ಚರಿತ್ರೆ ಇದೆ. ಕಣ್ಣೂರಿಗೆ ಬ್ರಿಟಿಷರು ಹೇಳುತ್ತಿದ್ದದ್ದು ಕ್ಯಾನನೋರ್. ಊರಿಗೆ ಅದರ ಹೆಸರು ತಿರುಗಿ ಬಂದು ಎಷ್ಟೋ ವರ್ಷವಾಯಿತು, ಸಂಕೇತದಲ್ಲಿ ಕ್ಯಾನನೋರ್ ಇನ್ನೂ ಕೂತಿದೆ. ಕೋಝಿಕ್ಕೋಡಿನ ಸಂಕೇತ ಇವತ್ತಿಗೂ ಸಿ ಎಲ್ ಟಿ, ಅಂದರೆ ಕ್ಯಾಲಿಕಟ್.

ಬಾಲ ಹೋದ ಕುಂಬಳೆ

ಗಡಿಯ ಊರಿನಲ್ಲಿ ಹೆಸರು ಎಂದರೆ ನೋವಿನ ವಿಷಯ. 2021ರ ಜೂನಿನಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರು ಬದಲಿಸುತ್ತಾರೆ ಎಂಬ ಸುದ್ದಿ ಎದ್ದಿತು. ಕರ್ನಾಟಕದ ನಾಯಕರು ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆದರು. ಅಂಥ ತೀರ್ಮಾನ ಇಲ್ಲ ಎಂದು ಕೇರಳದ ಕಡೆಯಿಂದ ಉತ್ತರ ಬಂತು. ಆದರೆ ಹೆಸರು ಬದಲಾಗಲು ಸರ್ಕಾರದ ಆದೇಶವೇ ಬೇಕು ಅಂತಿಲ್ಲ. ಬರೆಯುವ ಕೈ ಬದಲಾದರೆ ಸಾಕು.

ಕನ್ನಡದಲ್ಲಿ ಕುಂಬಳೆ. ಮಲಯಾಳದಲ್ಲಿ ಕುಂಬಳ. ಇಂಗ್ಲಿಷಿನಲ್ಲಿ ಕುಂಬ್ಲ. ಮೊದಲ ಒಗಟನ್ನು ನೆನಪಿಸಿಕೊಳ್ಳಿ: ಬಾಲ ಇದ್ದರೆ ಊರು, ಬಾಲ ಕತ್ತರಿಸಿದರೆ ತರಕಾರಿ. ಮಲಯಾಳದಲ್ಲಿ ಬರೆದಾಗ ಬಾಲ ಮೊದಲೇ ಹೋಗಿದೆ. ಒಗಟು ಕೇಳುವ ಮೊದಲೇ ಬೋರ್ಡು ಉತ್ತರ ಹೇಳಿಬಿಟ್ಟಿದೆ. ಯಕ್ಷಗಾನದ ಪಾರ್ತಿಸುಬ್ಬನ ಊರಿನಲ್ಲಿ, ಒಂದೊಂದು ಪದವನ್ನು ಹಿಡಿದು ರಾತ್ರಿಯಿಡೀ ಅರ್ಥ ಹೇಳುವ ತಾಳಮದ್ದಳೆಯ ಊರಿನಲ್ಲಿ, ಒಂದು ಎತ್ವ ಹೋದದ್ದಕ್ಕೆ ಯಾರಾದರೂ ಬೇಸರ ಮಾಡಿಕೊಂಡರೆ ಅದು ಹುಚ್ಚು ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ಮಲಯಾಳದವರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಅವರ ಬಾಯಿಗೆ ಅದು ಹಾಗೇ ಬರುತ್ತದೆ, ನಮ್ಮ ಬ್ಯಾರಿ ಬಾಯಿಗೆ ಉಪ್ಪಳ ಉಪ್ಪಲ ಆಗುವ ಹಾಗೆ. ಮಲಯಾಳದಲ್ಲಿ ಬೂದುಗುಂಬಳಕ್ಕೂ ಕುಂಬಳವೆಂದೇ ಹೇಳುತ್ತಾರೆ. ಎರ್ನಾಕುಳಂ ಹತ್ತಿರ ಕುಂಬಳಂ ಎಂಬ ಇನ್ನೊಂದು ಸ್ಟೇಷನ್ನೇ ಇದೆ. ತರಕಾರಿ ಯಾರ ಅಪ್ಪನ ಮನೆಯದೂ ಅಲ್ಲ.

ಓದಲು ಬಾರದವರ ನಕ್ಷೆ

ಈಗ ಮನೆಯ ಸಂಗತಿಗೆ ಬರುತ್ತೇನೆ.

ನನ್ನ ಅಜ್ಜಿಗೆ, ಅಂದರೆ ಉಪ್ಪನ ಉಮ್ಮನಿಗೆ, ಯಾವ ಅಕ್ಷರವೂ ಓದಲು ಬರುತ್ತಿರಲಿಲ್ಲ. ಸ್ಟೇಷನ್ನಿನ ಬೋರ್ಡಿನಲ್ಲಿ ಎಷ್ಟು ಲಿಪಿ ಇದ್ದರೂ ಅವರಿಗೆ ಅಷ್ಟೂ ಒಂದೇ. ಆದರೆ ಅವರು ಒಬ್ಬರೇ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಮಳೆಗಾಲದಲ್ಲಿ ಕಿಟಕಿಯ ಬಾಗಿಲು ಎಲ್ಲ ಹಾಕಿ, ಹೊರಗೆ ಏನೂ ಕಾಣದ ಸಂಜೆಯಲ್ಲಿಯೂ ಸರಿಯಾಗಿ ಉಪ್ಪಳದಲ್ಲಿ ಇಳಿಯುತ್ತಿದ್ದರು. ಹೇಗೆ ಎಂದು ಉಪ್ಪನನ್ನು ಕೇಳಿದ್ದೆ. "ಮಂಗಳದಿಂದ ಹಿಂದೆ ಹೇಳುತ್ತಾ ಬಂದರೆ ಆಯಿತು. ಉಪ್ಪು ಬಂದಾಗ ಇಳಿ" ಅಂದರು.

ಆಗ ಅದನ್ನು ಕೇಳಿ ಬಿಟ್ಟುಬಿಟ್ಟೆ.

ಡಿಪ್ಲೊಮಾ ಮುಗಿಸಿ ನಾನು ಗಲ್ಫಿಗೆ ಹೋದೆ. ಎಂಟು ವರ್ಷ ಎಸಿ ಮೆಂಟೆನೆನ್ಸ್ ಕೆಲಸ. ನಾನು ತಿರುಗಿ ಬರುವ ಹೊತ್ತಿಗೆ ಉಪ್ಪನಿಂದ ಅಂಗಡಿ ನಡೆಸಲು ಆಗುತ್ತಿರಲಿಲ್ಲ, ಮುಚ್ಚಿದರು. ಎರಡು ವರ್ಷದ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಕೈ ಸ್ವಲ್ಪ ಸ್ವಲ್ಪ ಸರಿಯಾಯಿತು, ಮಾತು ಆಗಲಿಲ್ಲ. ವಸ್ತು ಎದುರಿಗೆ ಇದ್ದರೂ ಹೆಸರು ಬರುವುದಿಲ್ಲ. ಲೋಟ ತೋರಿಸಿ "ಅದು, ಅದು" ಅನ್ನುತ್ತಿದ್ದರು. ನೂರಾರು ಸಾಮಾನಿನ ಹೆಸರು, ಬೆಲೆ, ಯಾರ ಬಾಕಿ ಎಷ್ಟು ಎಂದು ಪುಸ್ತಕ ನೋಡದೆ ಹೇಳುತ್ತಿದ್ದ ಮನುಷ್ಯ, ಉಪ್ಪಿನ ಪೊಟ್ಟಣ ಕೈಯಲ್ಲಿ ಹಿಡಿದು ಅದಕ್ಕೆ ಏನೆನ್ನಬೇಕು ಎಂದು ಗೊತ್ತಾಗದೆ ಅಳುತ್ತಿದ್ದರು.

ಮಾತಿನ ವ್ಯಾಯಾಮ ಹೇಳಿಕೊಟ್ಟವರು, ಬಾಯಿಪಾಠ ಇದ್ದದ್ದನ್ನು ಹೇಳಿಸಿ ನೋಡಿ ಅಂದರು. ಬಿಡಿ ಮಾತು ಸಿಗದವರಿಗೂ ಸಾಲಾಗಿ ಕಲಿತದ್ದು ಕೆಲವೊಮ್ಮೆ ಬರುತ್ತದೆಯಂತೆ. ಒಂದು, ಎರಡು, ಮೂರು ಶುರು ಮಾಡಿಸಿದರೆ ಇಪ್ಪತ್ತರವರೆಗೆ ಬಂತು. ವಾರದ ಹೆಸರು ಬಂತು. ಒಂದು ಸಂಜೆ ಗೇಟಿನ ಕಡೆಯಿಂದ ರೈಲಿನ ಸದ್ದು ಕೇಳಿದಾಗ ನಾನು ಸುಮ್ಮನೆ "ಮಂಗಳ..." ಅಂದೆ.

ಉಪ್ಪ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಉಳ್ಳವ" ಅಂದರು. ಆಮೇಲೆ "ಈಶ್ವರ". ಆಮೇಲೆ "ಉಪ್ಪು".

ಅಲ್ಲಿಗೆ ನಿಲ್ಲಿಸಿದರು. ನಾನು ಆಸೆಯಿಂದ, "ಮುಂದೆ? ಕುಂಬಳ ಹೇಳಿ ಉಪ್ಪ" ಅಂದೆ. ಅವರು ತಲೆ ಅಲ್ಲಾಡಿಸಿದರು. ಮರೆತದ್ದಲ್ಲ. ನಮ್ಮ ಸ್ಟೇಷನ್ ಬಂದಿತ್ತು, ಇಳಿಯಬೇಕಿತ್ತು.

ಒಗಟು ತಮಾಷೆಗೆ ಹುಟ್ಟಿದ್ದೇ ಇರಬಹುದು. ಆದರೆ ಅದನ್ನು ಸಾಲಾಗಿ ಕಟ್ಟಿದವರಿಗೆ ಅದರ ಉಪಯೋಗ ಗೊತ್ತಿತ್ತು ಎಂದು ಆ ದಿನ ನನಗೆ ಅನ್ನಿಸಿತು. ಓದಲು ಬಾರದ ಅಜ್ಜಿಗೆ ಅದು ನಕ್ಷೆ. ಮಾತು ಹೋದ ಉಪ್ಪನಿಗೆ ಹಿಡಿಯಲು ಹಗ್ಗ. ಈಗ ಅವರು ಉಪ್ಪಿನ ಪೊಟ್ಟಣ ಕೈಗೆ ಬಂದರೆ ಮಂಗಳದಿಂದ ಶುರು ಮಾಡಿ ಎಣಿಸಿಕೊಂಡು ಬಂದು, ನಾಲ್ಕನೆಯದಕ್ಕೆ ಹೆಸರು ಹೇಳುತ್ತಾರೆ. ಸುತ್ತು ದಾರಿ, ಆದರೆ ತಲುಪುತ್ತಾರೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಮಲಯಾಳ ಕಲಿಯುತ್ತಾಳೆ, ಮನೆಯಲ್ಲಿ ಬ್ಯಾರಿ ಮತ್ತು ಕನ್ನಡ. ಬಾಲ ಕತ್ತರಿಸುವ ಒಗಟು ಅವಳಿಗೆ ಅರ್ಥವಾಗಲಿಲ್ಲ, ಯಾಕೆಂದರೆ ಅವಳ ಕುಂಬಳಕ್ಕೆ ಬಾಲವೇ ಇಲ್ಲ. ಆಗ ನನಗೆ ಬೇಸರವಾಗಿತ್ತು. ಮೊನ್ನೆ ಅವಳೇ ಬಂದು, "ಮಂಚದ ಮೇಲೆ ಮಲಗಿದ ದೇವರ ಊರು ಯಾವುದು?" ಎಂದು ಕೇಳಿದಳು. ನನಗೆ ಹೊಳೆಯಲಿಲ್ಲ. ಮಲಯಾಳದಲ್ಲಿ ಮಂಜೇಶ್ವರವನ್ನು ಜ ಹ‌ಾಕಿ ಬರೆಯುವುದಿಲ್ಲ, ಚ ಹಾಕಿ ಬರೆಯುತ್ತಾರೆ. ಅಕ್ಷರ ಅಕ್ಷರ ಓದಿದರೆ ಮಂಚೇಶ್ವರಂ. ಮಲಯಾಳದ ಅಕ್ಷರ, ಕನ್ನಡದ ಮಂಚ. ಎರಡೂ ಇಲ್ಲದಿದ್ದರೆ ಆ ಒಗಟು ಇಲ್ಲ.

ಉಪ್ಪ ಹಾಸಿಗೆಯಲ್ಲಿ ಕೂತು ಕೇಳುತ್ತಿದ್ದರು. ಉತ್ತರ ಹೇಳಿದಾಗ ತಮ್ಮ ಮಂಚವನ್ನು ತಟ್ಟಿ ತುಂಬ ಹೊತ್ತು ನಕ್ಕರು.

ನಿಮ್ಮ ಮನೆಯಲ್ಲಿಯೂ ಇಂಥದ್ದು ಇರುತ್ತದೆ. ಉಳ್ಳಾಲದ ಕಡೆ ಬೇರೆ ಇರಬಹುದು, ನೀಲೇಶ್ವರದ ಕಡೆ ಬೇರೆ. ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಉತ್ತರ ಮಾತ್ರ ಬರೆದುಕೊಳ್ಳಬೇಡಿ, ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಯಾವತ್ತು ಯಾರಿಗೆ ಅದನ್ನು ಹಿಡಿದು ಇಳಿಯಬೇಕಾಗುತ್ತದೋ ಹೇಳಲಾಗದು.